ಬೀಗರ ಮುಂದೆ ಸೀನುವ ಕ್ರಮ

ಮನುಷ್ಯನಿಗೆ ಸೊಂಟ ಅನ್ನುವುದೊಂದು ಇದೆ ಎಂದು ಗೊತ್ತಾಗುವುದು ಅದು ಕೈಕೊಟ್ಟ ದಿನ. ಅಲ್ಲಿಯತನಕ ಅದು ಧೋತರ ನಿಲ್ಲುವ ಜಾಗ, ಅಂಗಡಿಯ ಬೀಗದ ಕೈ ಸಿಕ್ಕಿಸುವ ಜಾಗ, ಹೆಚ್ಚೆಂದರೆ ಸಿಟ್ಟು ಬಂದಾಗ ಎರಡೂ ಕೈ ಇಟ್ಟುಕೊಂಡು ನಿಲ್ಲುವ ಜಾಗ. ಹಲ್ಲಿಗೆ ದಿನಾ ಬೆಳಗ್ಗೆ ಉಪಚಾರ ಮಾಡುತ್ತೇವೆ, ಕೂದಲಿಗೆ ಎಣ್ಣೆ ಹಚ್ಚುತ್ತೇವೆ, ಹೊಟ್ಟೆಯ ವಿಷಯವಂತೂ ಕೇಳುವುದೇ ಬೇಡ. ಸೊಂಟವನ್ನು ಮಾತ್ರ ಯಾರೂ ಒಂದು ದಿನ ಹೇಗಿದ್ದೀ ಎಂದು ವಿಚಾರಿಸಿದ್ದಿಲ್ಲ. ನಾನೂ ವಿಚಾರಿಸಿರಲಿಲ್ಲ. ಅದಕ್ಕೇ ಇಷ್ಟು ವರ್ಷ ತೆಪ್ಪಗಿದ್ದ ನನ್ನ ಸೊಂಟ, ಸರಿಯಾಗಿ ಮಗಳ ಮದುವೆಯ ಮಾತುಕತೆ ನಡೆಯುವ ಹೊತ್ತಿಗೆ ಸೇಡು ತೀರಿಸಿಕೊಂಡಿತು.

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ನಮ್ಮ ಯಾರ್ಡಿನಲ್ಲಿ ಹಮಾಲರು ಆಳೆತ್ತರದ ಚೀಲಗಳನ್ನು ಬೆನ್ನ ಮೇಲೆ ಹೇರಿಕೊಂಡು ಮಾತಾಡುತ್ತ, ಎಲಡಿಕೆ ಜಗಿಯುತ್ತ ಓಡಾಡುತ್ತಾರೆ. ಅವರಲ್ಲಿ ಯಾರ ಸೊಂಟ ಹಿಡಿದಿದ್ದರೂ ಅದಕ್ಕೊಂದು ಅರ್ಥವಿರುತ್ತಿತ್ತು. ನನ್ನದು ಹಿಡಿದದ್ದು ಒಂದೇ ಒಂದು ಮೆಣಸಿನಕಾಯಿ ಎತ್ತಲು ಹೋಗಿ. ಮೋಟೆಬೆನ್ನೂರಿನ ರೈತನೊಬ್ಬ ತನ್ನ ರಾಶಿಯ ಮುಂದೆ ನಿಂತು, "ಸಾವ್ಕಾರ್ರ, ಬಣ್ಣ ನೋಡ್ರಿ, ಮುರದು ನೋಡ್ರಿ" ಎಂದ. ನಾನು ಗತ್ತಿನಿಂದ ಬಗ್ಗಿ ಕಾಯಿ ಹಿಡಿದೆ. ಕಾಯಿ ಕೈಗೆ ಬಂತು, ನಾನು ಮಾತ್ರ ಮೇಲೆ ಬರಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಇದ್ದುದನ್ನು ನೋಡಿ ರೈತ, ಮಾಲಿನಲ್ಲಿ ಏನೋ ಖೋಟಿ ಕಂಡಿದ್ದಾರೆಂದು ಹೆದರಿ ತಾನೇ ರೇಟು ಇಳಿಸಲು ಶುರು ಮಾಡಿದನಂತೆ. ನನಗೆ ಅದು ಕೇಳಿಸಲಿಲ್ಲ. ನನಗೆ ಕಾಣುತ್ತಿದ್ದದ್ದು ಅವನ ಚಪ್ಪಲಿಗಳು ಮಾತ್ರ.

ನಮ್ಮ ಕಡೆ ಸೊಂಟಕ್ಕೆ ಟೊಂಕ ಅನ್ನುತ್ತಾರೆ. ಟೊಂಕ ಹಿಡಿದರೆ ಮೊದಲ ಔಷಧ ಒದೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಇಳಿಯುತ್ತದೆಂದು ನಂಬಿಕೆ. ನನ್ನ ದುರ್ದೈವಕ್ಕೆ ಇಡೀ ಯಾರ್ಡಿನಲ್ಲಿ ಹಾಗೆ ಹುಟ್ಟಿದವನು ಪಕ್ಕದ ಅಂಗಡಿಯ ಚನ್ನಪ್ಪ ಒಬ್ಬನೇ. ಹೋದ ಸುಗ್ಗಿಯಲ್ಲಿ ಅವನ ಗಿರಾಕಿಗಳು ಕೆಲವರು ನನ್ನ ಅಂಗಡಿಗೆ ಬಂದದ್ದು ಅವನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಪದ್ಧತಿಯ ಪ್ರಕಾರ ಎಡಗಾಲಿನಿಂದ ಮೆಲ್ಲಗೆ ತಾಗಿಸಿದರೆ ಸಾಕು. ಚನ್ನಪ್ಪ ಅಂಗಡಿಯ ಮೆಟ್ಟಿಲಿಂದ ಇಳಿದು, ಧೋತರ ಎತ್ತಿ ಕಟ್ಟಿಕೊಂಡು, ಓಡಿ ಬಂದು ಒದ್ದ. "ಇಳೀತೇನ್ರಿ ಈರಣ್ಣಾರ?" ಎಂದ. ಇಳಿದಿಲ್ಲ ಅಂದರೆ ಇನ್ನೊಮ್ಮೆ ಒದೆಯುವ ಹುರುಪು ಅವನ ಮುಖದಲ್ಲಿ ಕಂಡು, ಪೂರ್ತಿ ಇಳಿಯಿತು ಎಂದು ಹೇಳಿ ತೆವಳುತ್ತ ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಅಯ್ಯೋ ಎನ್ನಲಿಲ್ಲ. "ಯಾರರ ನೋಡಿದ್ರೇನು?" ಎಂದು ಕೇಳಿದಳು. ಅದಕ್ಕೆ ಕಾರಣವಿತ್ತು. ನಮ್ಮ ಮಗಳು ಸ್ವಾತಿ ಊರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಬಂದ ಗಂಡುಗಳನ್ನೆಲ್ಲ ಪರೀಕ್ಷಾ ನಳಿಕೆ ಹಿಡಿದು ನೋಡಿದಂತೆ ನೋಡಿ ಬೇಡ ಅಂದವಳು, ಈ ಸಲ ಹಾವೇರಿಯಲ್ಲಿ ದನದ ಡಾಕ್ಟರಾಗಿರುವ ಹುಡುಗನ ಫೋಟೋ ನೋಡಿ, ಫೋನಿನಲ್ಲಿ ಒಂದೆರಡು ಮಾತಾಡಿ, "ಅಪ್ಪಾ, ಇವ ಅಡ್ಡಿ ಇಲ್ಲ" ಎಂದಿದ್ದಳು. ಅವಳ ಬಾಯಲ್ಲಿ ಅಡ್ಡಿ ಇಲ್ಲ ಅಂದರೆ ಹಾರ ಹಾಕಿದಷ್ಟೇ ಸೈ. ಹುಡುಗನ ತಾಯಿ ಮತ್ತು ಸೋದರಮಾವ ತುಂಬಾ ಬಿಗಿ ಜನ ಎಂದು ಮಧ್ಯಸ್ಥರು ಮೊದಲೇ ಎಚ್ಚರಿಸಿದ್ದರು. ಹುಡುಗಿಯ ಅಪ್ಪ ಬಗ್ಗಿ ನಡೆಯುತ್ತಾನೆ ಎಂದು ಗೊತ್ತಾದರೆ, ಇದು ಮನೆತನದ ರೋಗ, ನಾಳೆ ಹುಡುಗಿಗೂ ಬರುತ್ತದೆ ಅನ್ನುವವರು ನಮ್ಮಲ್ಲಿ ಕಡಿಮೆ ಇಲ್ಲ. "ನೋಡ್ರಿ, ಬೀಗರು ಬಂದು ಹೂಂ ಅನ್ನೂತನಕ ನಿಮ್ಮ ಟೊಂಕ ನೆಟ್ಟಗ ಇರಬೇಕು. ಆಮ್ಯಾಲ ಅದು ಏನರ ಮಾಡಿಕೊಳ್ಲಿ" ಎಂದು ಗಿರಿಜಾ ತೀರ್ಪು ಕೊಟ್ಟಳು. ಚನ್ನಪ್ಪನ ಒದೆಗೇ ಇಳಿಯಿತೆಂದು ಯಾರ್ಡು ನಂಬಿತ್ತು, ಆದರೆ ಬ್ಯಾಡಗಿಯಲ್ಲಾಗಲಿ ಹಾವೇರಿಯಲ್ಲಾಗಲಿ ಡಾಕ್ಟರಿಗೆ ತೋರಿಸಿದರೆ ಸುದ್ದಿ ಮುಂದಿನ ಬಸ್ಸಿಗೇ ಬೀಗರ ಮನೆ ಮುಟ್ಟುತ್ತದೆ. ಹಾಗಾಗಿ ವ್ಯಾಪಾರದ ಕೆಲಸ ಎಂದು ಹೇಳಿ ರಾಣೆಬೆನ್ನೂರಿಗೆ ಹೋಗುವುದೆಂದು ಠರಾವಾಯಿತು.

ರಾಣೆಬೆನ್ನೂರಿನ ಫಿಜಿಯೋಥೆರಪಿ ದವಾಖಾನೆ ಇರುವುದು ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮೊಣಕಾಲು ಹೋದವರು, ಟೊಂಕ ಹೋದವರು, ಕೋಲು ಹಿಡಿದವರು ಎಲ್ಲ ಆ ಮೆಟ್ಟಿಲು ಹತ್ತಿಯೇ ಹೋಗಬೇಕು. ಇದೇನ್ರೀ ಅನ್ಯಾಯ ಎಂದು ಮೇಡಂ ಅವರನ್ನು ಕೇಳಿದೆ. "ಹತ್ತಿ ಬಂದವ್ರಿಗೆ ಅರ್ಧ ಟ್ರೀಟ್‌ಮೆಂಟ್ ಆಗಿರ್ತೈತ್ರಿ" ಅಂದರು. ಮೇಡಂ ಅಂದರೆ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದಾದ ಹುಡುಗಿ. ಕೊರಳಲ್ಲಿ ಸ್ಟೆಥಾಸ್ಕೋಪು ಇಲ್ಲ, ಮೇಜಿನ ಮೇಲೆ ಔಷಧದ ಬಾಟಲಿ ಇಲ್ಲ. ನನಗೆ ನಂಬಿಕೆ ಹುಟ್ಟಲೇ ಇಲ್ಲ.

"ಇಂಜೆಕ್ಷನ್ ಕೊಡ್ತೀರೇನ್ರಿ?"

"ಇಲ್ರಿ."

"ಗುಳಿಗಿ?"

"ಇಲ್ರಿ."

"ಮತ್ತೇನ ಕೊಡ್ತೀರಿ?"

"ಕೆಲಸ ಕೊಡ್ತೀನ್ರಿ" ಅಂದರು ಮೇಡಂ.

ಈ ಕಸುಬಿನ ದೊಡ್ಡ ವಿಚಿತ್ರವೇ ಇದು. ಬೇರೆ ಡಾಕ್ಟರು ತಾವು ಕೆಲಸ ಮಾಡುತ್ತಾರೆ, ರೋಗಿ ಮಲಗಿ ನರಳುತ್ತಾನೆ. ಇಲ್ಲಿ ಡಾಕ್ಟರು ನಿಂತು ನೋಡುತ್ತಾರೆ, ರೋಗಿ ಕೆಲಸವನ್ನೂ ಮಾಡಿ ನರಳುವುದನ್ನೂ ಮಾಡಬೇಕು. ಮೊದಲು ಬಿಸಿ ಶಾಖ, ಆಮೇಲೆ ಟೊಂಕಕ್ಕೆ ನಾಲ್ಕು ಕಡೆ ಪಟ್ಟಿ ಅಂಟಿಸಿ ಇರುವೆ ಹರಿದಂತೆ ಒಂದಿಷ್ಟು ಕರೆಂಟು. ಇಷ್ಟಕ್ಕೇ ಮುಗಿದಿದ್ದರೆ ನಾನು ಆ ವಿದ್ಯೆಯನ್ನು ಹೊಗಳಿ ಬರುತ್ತಿದ್ದೆ. ಅದರ ಮೇಲೆ ವ್ಯಾಯಾಮ! ಅಂಗಾತ ಮಲಗಿ ಸೊಂಟ ಎತ್ತುವುದು, ಬೋರಲು ಮಲಗಿ ಎದೆ ಎತ್ತುವುದು, ಮತ್ತೆ ಇದನ್ನೆಲ್ಲ ಮನೆಯಲ್ಲಿಯೂ ಮಾಡುವುದು. ದಲಾಲಿ ಅನ್ನುವವನು ಜನ್ಮದಲ್ಲಿ ಏನನ್ನೂ ತಾನಾಗಿ ಎತ್ತಿದವನಲ್ಲ, ಎಲ್ಲವನ್ನೂ ಬೇರೆಯವರಿಂದ ಎತ್ತಿಸಿದವನು. "ಮೇಡಂ, ಇದನ್ನ ನಮ್ಮ ಹಮಾಲರ ಕಡಿಂದ ಮಾಡಿಸಿದ್ರ ನಡ್ಯಂಗಿಲ್ಲೇನ್ರಿ?" ಎಂದು ಕೇಳಿದೆ. ಮೇಡಂ ನಗಲಿಲ್ಲ. ಈ ಪ್ರಶ್ನೆ ಕೇಳಿದ ಮೊದಲನೆಯ ದಲಾಲಿ ನಾನಲ್ಲವಂತೆ.

ಊರು ಯಾವುದೆಂದು ಕೇಳಿದ್ದಕ್ಕೆ ನಾನು ಬ್ಯಾಡಗಿ ಅಂದ ಕೂಡಲೇ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಬ್ಯಾಡಗಿಯವರಾ? ಮದಲ ಹೇಳಬಾರದೇನ್ರಿ! ನಿಮಗ ಸೀನಾಕ ಕಲಿಸಬೇಕು." ನಮ್ಮೂರಲ್ಲಿ ಸುಗ್ಗಿ ಬಂತೆಂದರೆ ಗಾಳಿಯಲ್ಲೇ ಮೆಣಸಿನ ಧೂಳು. ನಮ್ಮ ಕಾಯಿಯ ಹೆಸರು ಬಣ್ಣಕ್ಕೇ ಹೊರತು ಖಾರಕ್ಕಲ್ಲ ಎಂದು ನಾವು ಎಷ್ಟು ಹೇಳಿಕೊಂಡರೂ ಮೂಗು ಕೇಳುವುದಿಲ್ಲ. ನಾವು ನಮಸ್ಕಾರಕ್ಕಿಂತ ಹೆಚ್ಚು ಸೀನುತ್ತೇವೆ. ಹಿಡಿದ ಟೊಂಕದಲ್ಲಿ ಮುಂದೆ ಬಗ್ಗಿ ಒಂದು ಸೀನು ಸೀನಿದರೆ ಮಾಡಿದ ಉಪಚಾರವೆಲ್ಲ ನೀರುಪಾಲು. ಹಾಗಾಗಿ ಮೇಡಂ ನನ್ನನ್ನು ಎಬ್ಬಿಸಿ ನಿಲ್ಲಿಸಿ ಪಾಠ ಮಾಡಿದರು. ಸೀನು ಬರುವ ಸುಳಿವು ಸಿಕ್ಕ ಕೂಡಲೇ ಎದ್ದು ನಿಲ್ಲಬೇಕು. ಗೋಡೆಗೆ ಕೈ ಕೊಡಬೇಕು. ಮೊಣಕಾಲು ಸಡಿಲ ಬಿಡಬೇಕು. ಎದೆ ಮೇಲೆ, ಗದ್ದ ಮೇಲೆ. ಆಮೇಲೆ ಸೀನಬೇಕು. ಸೀನಿಗೆ ಇಷ್ಟೆಲ್ಲ ಪುರುಸೊತ್ತು ಇರುತ್ತದೆಯೇ ಎಂದು ಕೇಳಿದೆ. ರೂಢಿ ಮಾಡಿಕೊಂಡರೆ ಕಾಯುತ್ತದೆ ಅಂದರು. ಬಾರದ ಸೀನನ್ನು ಬರಿಸಿಕೊಂಡು ನಾನು ಗೋಡೆ ಹಿಡಿದು "ಆಕ್ಷೀ" ಎಂದು ತಾಲೀಮು ಮಾಡುತ್ತಿದ್ದಾಗ, ಪಕ್ಕದ ನೀಲಿ ಪರದೆಯ ಆಚೆಯಿಂದ ಒಂದು ಹೆಂಗಸಿನ ದನಿ ಕೇಳಿತು.

"ಅಲ್ರೀ ಅಣ್ಣಾರ, ಸೀನಾಕೂ ಟ್ಯೂಷನ್ ಹಚ್ಚೀರೇನ್ರಿ?"

ಹೀಗೆ ಪರಿಚಯವಾದವರು ಹಲಗೇರಿ ಅಕ್ಕಾರು. ಎರಡೂ ಮೊಣಕಾಲು ಹಿಡಿದಿದ್ದವು. ಹಲಗೇರಿಯ ತಂಗಿಯ ಮನೆಯಿಂದ ಬರುತ್ತೇನೆ ಎಂದದ್ದರಿಂದ ನಾನು ಅವರನ್ನು ಆ ಊರಿನವರೆಂದೇ ತಿಳಿದೆ. ಮುಖ ನೋಡಲಿಲ್ಲ. ನಾನು ಬರುವ ಹೊತ್ತಿಗೆ ಅವರು ಪರದೆಯ ಆಚೆ ಮಲಗಿರುತ್ತಿದ್ದರು, ನಾನು ಹೋಗುವಾಗಲೂ ಅವರ ಕರೆಂಟು ಮುಗಿದಿರುತ್ತಿರಲಿಲ್ಲ. ಮುಖ ಕಾಣದಿದ್ದರೆ ಮನುಷ್ಯನ ಬಾಯಿ ಎಷ್ಟು ಸಡಿಲವಾಗುತ್ತದೆ ಎಂದು ಆಗಲೇ ನನಗೆ ತಿಳಿದದ್ದು. ಮೇಡಂ ಬಂದು, "ಮನ್ಯಾಗ ವ್ಯಾಯಾಮ ಮಾಡಿದ್ರಿ?" ಎಂದರೆ ಈ ಕಡೆಯಿಂದ ನಾನು, ಆ ಕಡೆಯಿಂದ ಅವರು, ಒಟ್ಟಿಗೇ "ಮಾಡಿದ್ವಿರಿ" ಅನ್ನುತ್ತಿದ್ದೆವು. ಮೇಡಂ ಅತ್ತ ಹೋದ ಮೇಲೆ ಅಕ್ಕಾರು ಪಿಸುಗುಟ್ಟುತ್ತಿದ್ದರು: "ಖರೇ ಮಾಡಿದ್ರೇನ್ರಿ?" ನಾನು, "ನೀವು?" ಅನ್ನುತ್ತಿದ್ದೆ. ಇಬ್ಬರೂ ಪರದೆಯ ಎರಡು ಕಡೆ ಕಳ್ಳನಗೆ ನಗುತ್ತಿದ್ದೆವು.

ಮಾತು ಮಕ್ಕಳ ಕಡೆ ತಿರುಗಲು ತಡವಾಗಲಿಲ್ಲ. ಅವರೂ ಮಗನಿಗೆ ಹೆಣ್ಣು ನೋಡುತ್ತಿದ್ದರು. ಯಾವ ಊರಿನ, ಯಾವ ಮನೆತನದ ಸಂಬಂಧ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಗಟ್ಟಿಯಾಗುವ ಮೊದಲು ಸಂಬಂಧದ ಹೆಸರು ಎತ್ತಬಾರದು, ಮಂದಿಯ ಕಣ್ಣು ಬೀಳುತ್ತದೆ ಎನ್ನುವುದರಲ್ಲಿ ಇಬ್ಬರಿಗೂ ಒಂದೇ ಭಯ. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿಕೊಂಡೆವು. "ನನ್ನ ಮಗಳು ಅಡಿಗಿಯೊಳಗ ಹುಷಾರ ಅಂತ ಹೇಳಿ ಕಳಿಸೇವ್ರಿ. ಅಕಿಗೆ ಚಾ ಕಾಸಾಕ ಬರಂಗಿಲ್ಲ. ಖರೇ ಹೇಳಬೇಕಂದ್ರ ಅಕಿ ಮನ್ಯಾಗ ಇಲ್ಲದ ದಿನ ನನಗ ಊಟ ಸೇರಂಗಿಲ್ಲ, ಅದನ್ನ ಯಾರ ಮುಂದ ಹೇಳಲಿ" ಎಂದು ನಾನಂದೆ. "ನನ್ನ ಮಗ ಬಾಳ ಶಾಂತ ಅಂತ ನಾವು ಹೇಳೇವಿ. ಸಿಟ್ಟ ಬಂದ್ರ ದಿನಗಟ್ಟಲೆ ಮಾತ ಬಿಡ್ತಾನ. ದನದ ಕೂಡ ಅಷ್ಟ ಮಾತಾಡ್ತಾನ" ಅಂದರು ಅವರು. ದನ ಅಂದಾಗಲಾದರೂ ನನಗೆ ಹೊಳೆಯಬೇಕಿತ್ತು. ಆದರೆ ನಮ್ಮ ಕಡೆ ಯಾರ ಮನೆಯಲ್ಲಿ ದನ ಇಲ್ಲ? ನಾನು ಬ್ಯಾಡಗಿಯವನೆಂದು ಕೇಳಿಯೂ ಅವರಿಗೆ ಹೊಳೆಯಲಿಲ್ಲ, ಬ್ಯಾಡಗಿಯಲ್ಲಿ ಹೆಣ್ಣಿನ ಅಪ್ಪಂದಿರಿಗೇನು ಬರವೇ?

ಮುಖ್ಯವಾದ ವ್ಯವಹಾರ ನಡೆದದ್ದು ಕೊನೆಯ ವಾರ. ಇಬ್ಬರ ಮನೆಯ ಮಾತುಕತೆಯೂ ಹತ್ತಿರ ಬಂದಿತ್ತು, ಇಬ್ಬರಿಗೂ ಜಮಖಾನೆಯ ಚಿಂತೆ. ಮಾತುಕತೆ ಅಂದರೆ ನೆಲದ ಮೇಲೆ ಜಮಖಾನೆ ಹಾಸಿ ಎಲ್ಲರೂ ಚಕ್ಕಂಬಕ್ಕಳ ಹಾಕಿ ಕೂಡಬೇಕು. ಅವರಿಗೆ ಕೂಡಲು ಆಗುವುದಿಲ್ಲ, ನನಗೆ ಕೂತರೆ ಏಳಲು ಆಗುವುದಿಲ್ಲ. "ಖುರ್ಚಿ ಕೇಳಿದ್ರ ಮುದುಕಿ ಅಂತಾರ, ನಾಳೆ ಸೊಸಿ ಕೈಲೆ ಸೇವಾ ಮಾಡಿಸ್ಕೋತಾಳ ಅಂತಾರ" ಎಂದು ಅಕ್ಕಾರು ಕೊರಗಿದರು. ನಾನು ದಲಾಲಿಯ ಬುದ್ಧಿ ಓಡಿಸಿ, "ನೆಲದ ಮ್ಯಾಲ ಕುಂದ್ರಂಗಿಲ್ಲಂತ ಹರಕಿ ಹೊತ್ತೇನಿ ಅನ್ರಿ. ಹರಕಿ ಅಂದ್ರ ಯಾರೂ ಎದುರಾಡಂಗಿಲ್ಲ" ಎಂದೆ. ಅವರಿಗೆ ಎಷ್ಟು ಹಿಡಿಸಿತೆಂದರೆ, ಋಣ ಇಟ್ಟುಕೊಳ್ಳಬಾರದೆಂದು ನನಗೂ ಒಂದು ಉಪಾಯ ಹೇಳಿದರು. "ನೀವು ಕುಂದ್ರಲೇಬ್ಯಾಡ್ರಿ. ಬೀಗರ ಮುಂದ ಹೆಣ್ಣಿನ ಅಪ್ಪ ಹೆಂಗ ಕುಂದ್ರಲಿ ಅಂತ ಕೈ ಕಟ್ಟಿಕೊಂಡು ನಿಂದರ್ರಿ. ಏನ್ ಮರ್ಯಾದಸ್ಥರು ಅಂತಾರ."

ಮಾತುಕತೆಯ ದಿನ ಬಂತು. ಹಾವೇರಿಯಿಂದ ಹುಡುಗನೂ ಸೇರಿ ಎರಡು ಕಾರು ಜನ ಬಂದರು. ನಮ್ಮ ಪದ್ಧತಿಯಲ್ಲಿ ಮಾತೆಲ್ಲ ಹಿರಿಯರದ್ದು. ನಮ್ಮ ಪರವಾಗಿ ನನ್ನ ಚಿಕ್ಕಪ್ಪ, ಅಂದರೆ ಕಾಕಾ, ಮಾತಾಡುತ್ತಿದ್ದರು, ಅವರ ಪರವಾಗಿ ಹುಡುಗನ ಸೋದರಮಾವ. ಹುಡುಗನ ತಾಯಿ ತಲೆಯ ಮೇಲೆ ಸೆರಗು ಹೊದ್ದು ತುಟಿ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು. ಎತ್ತರದ, ಗಂಭೀರ ಹೆಂಗಸು. ನಾನು ಅವರನ್ನು ನೋಡಿಯೇ ಅರ್ಧ ಹೆದರಿದೆ. ನಾನೂ ಹುಷಾರಾಗಿದ್ದೆ, ಬೀಗರಿಗಾಗಿ ಇಟ್ಟುಕೊಂಡ ತೆಳ್ಳನೆಯ ದನಿಯಲ್ಲಿ "ಬರ್ರಿ, ಬರ್ರಿ" ಎಂದಷ್ಟೇ ಅಂದಿದ್ದೆ. ಗಿರಿಜಾ ಜಮಖಾನೆ ತೋರಿಸಿ, "ಕುಂದರ್ರಿ ಅಕ್ಕಾರ" ಎಂದಳು.

ಸೋದರಮಾವ ಗಂಟಲು ಸರಿಮಾಡಿಕೊಂಡು, "ನಮ್ಮಕ್ಕ ಕೆಳಗ ಕುಂದ್ರಂಗಿಲ್ರಿ. ಹರಕಿ ಐತಿ" ಎಂದ. ಗಿರಿಜಾ ಲಗುಬಗೆಯಿಂದ ಖುರ್ಚಿ ತಂದು ಹಾಕಿ ಅವರನ್ನು ಕೂಡಿಸಿದಳು.

ಇದು ನಾನೇ ಪರದೆಯ ಆಚೆ ದಾಟಿಸಿದ ಉಪಾಯದಂತೆ ಕೇಳಿಸಿತು. ಇರಲಿಕ್ಕಿಲ್ಲ, ಹರಕೆ ಯಾರದಾದರೂ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕಾಕಾ ನನಗೆ, "ಈರಣ್ಣಾ, ನೀ ಕುಂದ್ರು" ಎಂದರು. ಬೇರೆ ದಾರಿ ಇರಲಿಲ್ಲ. "ಬೀಗರ ಮುಂದ ಹೆಣ್ಣಿನ ಅಪ್ಪ ಹೆಂಗ ಕುಂದ್ರಲಿ" ಎಂದು ಕೈ ಕಟ್ಟಿಕೊಂಡು ನಿಂತೆ. ಖುರ್ಚಿಯ ಮೇಲೆ ಸೆರಗು ಸ್ವಲ್ಪ ಅಲುಗಿತು. ಎರಡು ಕಣ್ಣು ನನ್ನನ್ನು ಪಾದದಿಂದ ತಲೆಯವರೆಗೆ ಅಳೆದವು.

ಮಾತು ಸುಸೂತ್ರವಾಗಿ ನಡೆಯಿತು. ಕಾಕಾ, "ಹಂಗಾರ ಎರಡೂ ಕಡೆ ಒಪ್ಪಿಗಿ ಅಂತ ತಿಳಕೋಬಹುದಲ್ರಿ?" ಎಂದು ಕೇಳಿದರು. ಸೋದರಮಾವ ಬಾಯಿ ತೆರೆದ. ಅದೇ ಗಳಿಗೆಗೆ ಅಡುಗೆ ಮನೆಯಲ್ಲಿ ನನ್ನ ಹೆಂಡತಿ ಅವಲಕ್ಕಿಗೆ ಒಗ್ಗರಣೆ ಕೊಟ್ಟಳು. ಬೀಗರಿಗೆ ನಮ್ಮ ಮಾಲಿನ ಬಣ್ಣ ಕಾಣಲಿ ಎಂದು ಮೆಣಸಿನಕಾಯಿ ತುಸು ಧಾರಾಳವಾಗಿಯೇ ಹಾಕಿದ್ದಳು. ಘಾಟು ಬಂತು, ನನ್ನ ಮೂಗಿನೊಳಗೆ ಸೀನು ಎದ್ದಿತು. ಒಪ್ಪಿಗೆಯ ಮಾತಿನ ಮೇಲೆ ಒಂಟಿ ಸೀನು ಬಿದ್ದರೆ ಸಂಬಂಧ ಮುರಿದಂತೆ. ತಡೆಯಲು ನೋಡಿದೆ. ತಡೆದಷ್ಟೂ ಅದು ಟೊಂಕಕ್ಕೆ ಇಳಿಯತೊಡಗಿತು. ನನ್ನ ಮಗಳ ಬಾಳು ನನ್ನ ಮೂಗಿನ ತುದಿಯಲ್ಲಿ ಬಂದು ನಿಂತಿತ್ತು. ಇನ್ನೇನು ಮುಂದೆ ಮುಗ್ಗರಿಸಬೇಕು, ಖುರ್ಚಿಯಿಂದ ಗುಡುಗಿನಂಥ ದನಿ ಬಂತು.

"ಗೋಡಿ ಹಿಡೀರಿ ಅಣ್ಣಾರ! ಮೊಣಕಾಲ ಸಡ್ಲ ಬಿಡ್ರಿ! ಎದಿ ಮ್ಯಾಲ! ಗದ್ದ ಮ್ಯಾಲ!"

ನಾನು ಗೋಡೆ ಹಿಡಿದೆ, ಸಡಿಲ ಬಿಟ್ಟೆ, ಎದೆ ಎತ್ತಿದೆ, ಗದ್ದ ಎತ್ತಿದೆ, ಸೂರು ನಡುಗುವಂತೆ ಸೀನಿದೆ. "ಬಂತೇನ್ರಿ ಟೊಂಕಕ್ಕ?" ಎಂದು ದನಿ ಕೇಳಿತು. "ಇಲ್ರಿ ಅಕ್ಕಾರ, ಬರಲಿಲ್ಲ" ಎಂದು ಅಭ್ಯಾಸ ಬಲದಿಂದ ನನ್ನ ನಿಜದ ದನಿಯಲ್ಲೇ ಉತ್ತರ ಕೊಟ್ಟೆ.

ಎಲ್ಲರೂ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಗಿರಿಜಾ ಅಡುಗೆ ಮನೆಯಿಂದ ಸೌಟು ಹಿಡಿದೇ ಬಂದಳು. ವ್ಯಾಪಾರಕ್ಕೆಂದು ರಾಣೆಬೆನ್ನೂರಿಗೆ ಹೋಗುತ್ತಿದ್ದ ಗಂಡಸು, ಹಲಗೇರಿಯ ತಂಗಿಗೆ ಹುಷಾರಿಲ್ಲವೆಂದು ಹೋಗುತ್ತಿದ್ದ ಹೆಂಗಸು, ಇವರಿಗೆ ಇಷ್ಟು ಸಲಿಗೆ ಎಲ್ಲಿಂದ ಎಂದು ಜನ ಲೆಕ್ಕ ಹಾಕುವುದು ಮುಖದ ಮೇಲೇ ಕಾಣುತ್ತಿತ್ತು. ಸೋದರಮಾವ ಹೆಗಲ ಟವೆಲು ಕೊಡವಿ ಎದ್ದ. "ಒಂಟಿ ಸೀನು. ಈ ಮಾತು ಇವತ್ತಿಗೆ ಬ್ಯಾ..." ಅಷ್ಟರಲ್ಲಿ ಘಾಟು ಅವನನ್ನೂ ಮುಟ್ಟಿತು. ಅವನು ಸೀನಿದ. ಕಾಕಾ ಸೀನಿದರು. ಹುಡುಗ ಸೀನಿದ, ಬಾಗಿಲ ಮರೆಯಲ್ಲಿ ಸ್ವಾತಿ ಸೀನಿದಳು, ಜಮಖಾನೆಯ ಮೇಲಿದ್ದ ಹಿರಿಯರೆಲ್ಲ ಸಾಲು ಹಿಡಿದು ಸೀನಿದರು. ಯಾರ ಸೀನು ಶುಭ, ಯಾರದು ಅಶುಭ ಎಂದು ಹೇಳುವುದು ಯಾವ ಪಂಚಾಂಗದವರಿಂದಲೂ ಆಗುವಂತಿರಲಿಲ್ಲ.

"ಈಗ ಹೇಳಪಾ ತಮ್ಮಾ, ಎಲ್ಲೈತಿ ಒಂಟಿ?" ಎಂದು ಅಕ್ಕಾರು ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಸೆರಗನ್ನು ಹಿಂದಕ್ಕೆ ಸರಿಸಿ, ಎಲ್ಲರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟರು. "ನನ್ನ ಮೊಣಕಾಲ ಹಿಡದಾವು, ಹರಕಿಯೂ ಇಲ್ಲ ಗಿರಕಿಯೂ ಇಲ್ಲ. ಇವರ ಟೊಂಕ ಹಿಡದೈತಿ. ಇಬ್ಬರೂ ಬೀಗರಿಗೆ ಅಂಜಿ ರಾಣೆಬೆನ್ನೂರಾಗ ಪರದೆ ಆಚೆ ಈಚೆ ಬಿದ್ದಿದ್ವಿ. ನನ್ನ ಮಗಂಗ ಸಿಟ್ಟ ಬಂದ್ರ ಮಾತ ಬಿಡ್ತಾನ, ಅದು ಇವರಿಗೆ ಗೊತ್ತೈತಿ. ಇವರ ಮಗಳಿಗೆ ಚಾ ಕಾಸಾಕ ಬರಂಗಿಲ್ಲ, ಅದು ನನಗ ಗೊತ್ತೈತಿ. ಅಕಿ ಇಲ್ಲದ ದಿನ ಇವರಿಗೆ ಊಟ ಸೇರಂಗಿಲ್ಲ ಅನ್ನೂದೂ ಗೊತ್ತೈತಿ. ಅಂಥ ಹುಡುಗಿನ ನಾ ಬಿಟ್ಟ ಹೋಗಂಗಿಲ್ಲ."

"ಅಪ್ಪಾ!" ಎಂದು ಬಾಗಿಲ ಮರೆಯಿಂದ ಸ್ವಾತಿಯ ಆಕ್ಷೇಪಣೆ ಕೇಳಿತು. ಅದು ಚಹಾದ ಬಗ್ಗೆಯೋ ಊಟದ ಬಗ್ಗೆಯೋ ಇಂದಿಗೂ ಗೊತ್ತಾಗಿಲ್ಲ. ಅಲ್ಲಿಯತನಕ ಒಂದು ಮಾತೂ ಆಡದಿದ್ದ ಹುಡುಗ ತಲೆ ತಗ್ಗಿಸಿಕೊಂಡೇ, "ನನಗ ಚಾ ಕಾಸಾಕ ಬರ್ತೈತ್ರಿ" ಎಂದ. ಸಂಬಂಧ ಅಲ್ಲಿಗೆ ಕುದುರಿತು. ನಾವು ಎರಡು ಮನೆಯವರು ಎಷ್ಟು ಸುಳ್ಳು ಕಟ್ಟಿಟ್ಟುಕೊಂಡಿದ್ದೆವೋ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಹೊರಡುವಾಗ ಬೀಗತಿ ಬಾಗಿಲಲ್ಲಿ ನಿಂತು ತಮ್ಮ ಕಡೆಯವರಿಗೆಲ್ಲ ಕೇಳುವಂತೆ ಒಂದು ಅಪ್ಪಣೆ ಹೊರಡಿಸಿದರು. "ಲಗ್ನದಾಗ ಈರಣ್ಣಾರು ಯಾರ ಮುಂದೂ ಬಗ್ಗಂಗಿಲ್ಲ. ಕಾಲಿಗೆ ಬೀಳ್ಲಿ ಅಂತ ಯಾರರ ಕಾಲ ಮುಂದ ಮಾಡಿದ್ರ ನಾ ಸುಮ್ಮನಿರಂಗಿಲ್ಲ. ಅವರ ಟೊಂಕಕ್ಕ ತ್ರಾಸ ಆಗ್ತೈತಿ." ಹೆಣ್ಣಿನ ತಂದೆ ಎಂದರೆ ಮದುವೆ ಮನೆಯಲ್ಲಿ ಬಗ್ಗಲಿಕ್ಕೆಂದೇ ಹುಟ್ಟಿದವನು. ಗಂಡಿನ ಮಾವನಿಗೆ, ಮಾವನ ಮಾವನಿಗೆ, ಸಾರಿನಲ್ಲಿ ಉಪ್ಪು ಕಡಿಮೆ ಎಂದು ಮುನಿದು ಎಲೆಯಿಂದ ಎದ್ದ ಯಾವನೋ ದೂರದ ನೆಂಟನಿಗೆ. ನನ್ನ ಅಕ್ಕನ ಮದುವೆಯಲ್ಲಿ ನಮ್ಮಪ್ಪ ದಿನವಿಡೀ ಹಾಗೆ ಬಗ್ಗಿದ್ದನ್ನು ನಾನು ಚಿಕ್ಕವನಾಗಿ ಕಂಬ ಹಿಡಿದು ನೋಡಿದ್ದೆ. ಅವರು ಇಂಥ ಒಂದು ಮಾತು ಕೇಳದೆಯೇ ಹೋದರು. ನನ್ನ ಕಣ್ಣಲ್ಲಿ ನೀರು ಬಂತು. ಒಗ್ಗರಣೆಯ ಘಾಟು ಎಂದು ಎಲ್ಲರಿಗೂ ಹೇಳಿದೆ, ನಂಬಿದರು.

ಈಗ ಮದುವೆಗೆ ಇನ್ನು ಸ್ವಲ್ಪ ದಿನ ಉಳಿದಿದೆ. ಮೊನ್ನೆ ರಾಣೆಬೆನ್ನೂರಿಗೆ ಹೋದಾಗ ಮೇಡಂ ನನ್ನನ್ನು ಮುಂದೆ ಬಗ್ಗಿಸಿ, ಹಿಂದೆ ಬಾಗಿಸಿ, ಅತ್ತಿತ್ತ ತಿರುಗಿಸಿ, "ಪೂರಾ ಆರಾಮ ಆಗೇತ್ರಿ. ಇನ್ನ ಬರೋದು ಬ್ಯಾಡ. ವ್ಯಾಯಾಮ ಒಂದು ಬಿಡಬ್ಯಾಡ್ರಿ" ಎಂದರು. ಬೇರೆ ರೋಗಿಯಾಗಿದ್ದರೆ ಕುಣಿಯುತ್ತಿದ್ದ. ನಾನು ಕೈ ಮುಗಿದು, "ಮೇಡಂ, ಲಗ್ನ ಮುಗಿಯೂತನಕ ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಬೇಡಿಕೊಂಡು ಬಂದೆ. ವ್ಯಾಯಾಮವನ್ನು ಈಗ ಒಂದು ದಿನವೂ ತಪ್ಪಿಸುವುದಿಲ್ಲ, ಕೋಣೆಯ ಕದ ಹಾಕಿಕೊಂಡು ಮಾಡುತ್ತೇನೆ. ಸೊಂಟ ಇಪ್ಪತ್ತರ ಹುಡುಗನದ್ದಾಗಿದೆ. ಕದ ತೆಗೆದು ಹೊರಗೆ ಬರುವಾಗ ಮಾತ್ರ ಒಂದು ಕೈ ಟೊಂಕದ ಮೇಲಿಟ್ಟು, ಹುಬ್ಬು ಗಂಟಿಕ್ಕಿ, ಅಮ್ಮಾ ಅನ್ನುತ್ತ ಬರುತ್ತೇನೆ. ಮಗಳ ಮದುವೆಯಲ್ಲಿ ಯಾರ ಮುಂದೆಯೂ ಬಗ್ಗಬಾರದೆಂದರೆ ಅಲ್ಲಿಯತನಕ ಸ್ವಲ್ಪ ಬಗ್ಗಿಯೇ ನಡೆಯಬೇಕಲ್ಲ.